ಬಸ್ಸು ಕೇಳಿದವರಿಗೆ ಹೆದ್ದಾರಿ

ಜನ ಏನು ಕೇಳುತ್ತಾರೋ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೊಡುವುದು ಮೇಲೆ ಕೂತವರ ಹಳೆಯ ಚಾಳಿ. ಶಾಲೆಗೆ ಮೇಷ್ಟ್ರು ಬೇಕು ಅಂದರೆ ಹಿತ್ತಾಳೆ ಗಂಟೆ ಕಳಿಸುತ್ತಾರೆ. ಕುಡಿಯಾಕೆ ನೀರು ಬೇಕು ಅಂದರೆ ನೀರನ್ನು ಕಾಯಿಸಿ ಕುಡಿಯಿರಿ ಎಂದು ಭಾಷಣ ಮಾಡಲು ಒಬ್ಬರನ್ನು ಕಳಿಸುತ್ತಾರೆ. ಹಳ್ಳಿ ನರ್ಸಾಗಿ ಜಗಳೂರು, ನ್ಯಾಮತಿ, ಚನ್ನಗಿರಿ ಅಂತ ಮೂರು ಕಡೆ ನೀರು ಕುಡಿದ ನಾನು ಇಂಥವನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಎಪ್ಪತ್ತರ ದಶಕದಲ್ಲಿ ನಮ್ಮ ಹಳ್ಳಿಯವರು ಎರಡು ಹೊತ್ತು ಒಂದು ಬಸ್ಸು ಕಳಿಸಿ ಎಂದು ಕೇಳಿಕೊಂಡಿದ್ದಕ್ಕೆ ಒಂದು ಹೆದ್ದಾರಿಯನ್ನೇ ತಂದು ತಲೆಯ ಮೇಲೆ ಹಾಕಲು ಬಂದರಲ್ಲ, ಆ ಕಥೆ ನೆನೆದರೆ ಇವತ್ತಿಗೂ ನನಗೆ ಮೊದಲು ಸಿಟ್ಟು ಬರುತ್ತದೆ, ನಗು ಆಮೇಲೆ.

ಸ್ಥಳ ಪರಿಶೀಲನೆ

ನಾನು ಆಗ ಇದ್ದ ಹಳ್ಳಿ ಚನ್ನಗಿರಿ ತಾಲ್ಲೂಕಿನದು. ಕೆರೆಬಿಳಚಿಯಿಂದ ಮೂರು ಮೈಲಿ ಒಳಗೆ. ಚನ್ನಗಿರಿಗೆ ಹೋಗಲಿ, ದಾವಣಗೆರೆಗೆ ಹೋಗಲಿ, ಮೊದಲು ಆ ಮೂರು ಮೈಲಿ ನಡೆದು ಕೆರೆಬಿಳಚಿಯಲ್ಲಿ ಬಸ್ಸು ಹಿಡಿಯಬೇಕು. ನಡುವೆ ಒಂದು ಹಳ್ಳ. ಊರಿನವರೇ ಸೇರಿ ಹಳ್ಳಕ್ಕೆ ಚಪ್ಪಡಿ ಹಾಸಿ, ಗಾಡಿ ದಾರಿಗೆ ಗರಸು ಮಣ್ಣು ಸುರಿದು, ಲಾರಿ ಓಡಾಡುವ ಹಾಗೆ ಮಾಡಿಕೊಂಡಿದ್ದರು. ಅಡಿಕೆ ಮೂಟೆ ಒಯ್ಯುವ ಲಾರಿ ಬರುತ್ತಿತ್ತು, ಗೊಬ್ಬರದ ಲಾರಿ ಬರುತ್ತಿತ್ತು. ಬಸ್ಸು ಮಾತ್ರ ಬರುತ್ತಿರಲಿಲ್ಲ.

ನನಗೆ ಆ ಬಸ್ಸು ಬೇಕಾಗಿದ್ದು ಪೇಟೆ ಸುತ್ತುವುದಕ್ಕಲ್ಲ. ನಾನು ಆ ಊರಿಗೆ ಬಂದ ಮೊದಲನೇ ಮಳೆಗಾಲ, ಹೆರಿಗೆ ಕಷ್ಟವಾದ ಒಬ್ಬ ಹೆಣ್ಣುಮಗಳನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಕೆರೆಬಿಳಚಿಗೆ ಹೋಗುವಷ್ಟರಲ್ಲಿ ಚನ್ನಗಿರಿಯ ಬಸ್ಸು ಹೊರಟುಹೋಗಿತ್ತು. ಇನ್ನೊಂದಕ್ಕೆ ಎರಡು ಗಂಟೆ ಕಾದೆವು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಆ ಎರಡು ಗಂಟೆಯನ್ನು ನಾನು ಯಾವ ಸಾಹೇಬನಿಗೂ ಇವತ್ತಿನವರೆಗೆ ಕ್ಷಮಿಸಿಲ್ಲ. ಊರಿನಲ್ಲಿ ಏಳನೇ ತರಗತಿ ಮುಗಿಸಿದ ಹೆಣ್ಣುಮಕ್ಕಳನ್ನು ಮೂರು ಮೈಲಿ ನಡೆಸಿ ಹೈಸ್ಕೂಲಿಗೆ ಕಳಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಮರುವರ್ಷ ಅದೇ ಹೆಣ್ಣುಮಕ್ಕಳ ಹೆಸರು ನನ್ನ ಬಸುರಿಯರ ರಿಜಿಸ್ಟರಿನಲ್ಲಿ ಬರುತ್ತಿತ್ತು.

ಹಾಗಾಗಿ ಊರ ಗೌಡರ ಹೆಸರಿನಲ್ಲಿ ಅರ್ಜಿ ಬರೆದವಳು ನಾನೇ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಇಷ್ಟೇ ಕೋರಿಕೆ. ಮೂರು ಸಲ ಬರೆದ ಮೇಲೆ ಸ್ಥಳ ಪರಿಶೀಲನೆಗೆ ಓವರ್ಸಿಯರ್ ಬರುತ್ತಾರೆ ಎಂದು ಕಾಗದ ಬಂತು. ಊರಿನವರು ಹಳ್ಳದ ತನಕ ದಾರಿ ಗುಡಿಸಿ, ಎಳನೀರು ಇಳಿಸಿಕೊಂಡು ಕಾದು ಕೂತರು. ಹೊತ್ತು ಮುಳುಗಿತು. ಓವರ್ಸಿಯರ್ ಬರಲಿಲ್ಲ. ಎಳನೀರನ್ನು ನಾವೇ ಕುಡಿದೆವು.

ತಿಂಗಳಾದ ಮೇಲೆ ವರದಿಯ ಪ್ರತಿ ಬಂತು. ಗೌಡರಿಗೆ ಕಣ್ಣು ಸರಿ ಕಾಣುತ್ತಿರಲಿಲ್ಲ, ನಾನೇ ಓದಿ ಹೇಳಿದೆ.

"ಸದರಿ ಗ್ರಾಮವನ್ನು ತಲುಪಲು ಬಸ್ ಸೌಕರ್ಯ ಇಲ್ಲದ ಕಾರಣ ಸ್ಥಳ ಪರಿಶೀಲನೆ ಸಾಧ್ಯವಾಗಿರುವುದಿಲ್ಲ. ಆದುದರಿಂದ ಬಸ್ ಸೌಕರ್ಯದ ಕೋರಿಕೆಯನ್ನು ತಿರಸ್ಕರಿಸಲಾಗಿದೆ."

ಗೌಡರು ಕೇಳಿದರು: "ನರ್ಸಮ್ಮ, ಇದು ನಾವು ಬರೆದ ಅರ್ಜೀನಾ, ಅವರು ಬರೆದ ಉತ್ತರಾನಾ?"

ಹೋಗಿ ಬಂದವಳು ಒಬ್ಬಳೇ

ಬಸ್ಸು ಇಲ್ಲ ಅಂದ ಮೇಲೆ ಒಂದು ವರ್ಷ ಕಳೆದಿರಲಿಲ್ಲ, ಹೆದ್ದಾರಿಯ ಸುದ್ದಿ ಬಂತು. ನ್ಯಾಮತಿಯಿಂದ ಹೊರಟು ಹೊನ್ನಾಳಿ, ಚನ್ನಗಿರಿ ಹಾದು ಜಗಳೂರು ಸೇರುವ ಭಾರಿ ರಸ್ತೆಯಂತೆ. ಅಕ್ಕಪಕ್ಕದಲ್ಲಿ ನಾಲ್ಕು ಲಾರಿ ಒಟ್ಟಿಗೆ ಹೋಗಬಹುದಂತೆ. ನ್ಯಾಮತಿಯಲ್ಲಿ ತಿಂಡಿ ತಿಂದು ಹೊರಟರೆ ಜಗಳೂರಿನಲ್ಲಿ ಮಧ್ಯಾಹ್ನದ ಊಟವಂತೆ. ಅದಕ್ಕೆ ಸುರಿಯುವ ದುಡ್ಡನ್ನು ಬಾಯಲ್ಲಿ ಹೇಳಲು ಹೆದ್ದಾರಿಯ ಇಂಜಿನಿಯರ್ ಸಾಹೇಬರೇ ಎರಡು ಸಲ ತಡವರಿಸಿದರು.

ಸಾಹೇಬರು ಚನ್ನಗಿರಿಯಲ್ಲಿ ಒಂದು ಸಭೆ ಕರೆದು ಗೋಡೆಗೆ ನಕ್ಷೆ ತೂಗುಹಾಕಿ, ಕೋಲು ಹಿಡಿದು ವಿವರಿಸಿದರು. ನಾಲ್ಕೂ ಕಡೆಯಿಂದ ಜನ ಬಂದಿದ್ದರು. ಹೊನ್ನಾಳಿಯವರು ಎದ್ದು, ದಾವಣಗೆರೆಗೆ ಸಂಜೆ ಇನ್ನೊಂದು ಬಸ್ಸು ಬಿಟ್ಟರೆ ಸಾಕು ಅಂದರು. ಜಗಳೂರಿನವರಿಗೆ ಸೊಕ್ಕೆಯ ಕಡೆ ಹೋಗಲು ಬಸ್ಸು ಬೇಕಿತ್ತು. ನ್ಯಾಮತಿಯವರು ಬಸ್ಸು ಬರುವ ತನಕ ನಿಲ್ಲಾಕೆ ಒಂದು ತಗಡಿನ ನೆರಳಾದರೂ ಮಾಡಿಕೊಡಿ ಎಂದು ಕೈ ಮುಗಿದರು. ಸಾಹೇಬರು ಎಲ್ಲದಕ್ಕೂ ನಕ್ಕು, "ಸಣ್ಣದಾಗಿ ಯೋಚನೆ ಮಾಡಬೇಡಿ" ಅಂದರು.

ನಮ್ಮ ಗೌಡರು ಎದ್ದರು. "ಸ್ವಾಮಿ, ಈ ರಸ್ತೆ ನಮ್ಮೂರಿಗೆ ಬರ್ತೈತಾ?"

"ಊರ ಪಕ್ಕದಲ್ಲೇ ಹೋಗುತ್ತೆ. ಆಳೆತ್ತರದ ಏರಿ ಹಾಕಿ ಮೇಲೆ ರಸ್ತೆ ಮಾಡ್ತೀವಿ."

"ಬಸ್ಸು ನಿಲ್ತೈತಾ?"

"ಇದು ವೇಗದ ರಸ್ತೆ ಗೌಡರೇ. ಹಳ್ಳಿ ಹಳ್ಳಿಗೂ ನಿಂತರೆ ವೇಗ ಎಲ್ಲಿಂದ ಬರಬೇಕು?"

"ಮತ್ತೆ ನಾವು ಆ ಕಡೆ ಹೊಲಕ್ಕೆ, ಕೆರೆಬಿಳಚಿಗೆ ಹೋಗೋದು ಹೆಂಗೆ? ಎತ್ತಿನ ಗಾಡಿ ಆಳೆತ್ತರ ಹತ್ತಿ ಇಳಿಯಾಕೆ ಆಗ್ತೈತಾ?"

"ಎರಡು ಮೈಲಿ ಆಚೆ ದಾಟೋ ಜಾಗ ಕೊಟ್ಟಿದ್ದೀವಿ" ಅಂದರು ಸಾಹೇಬರು, ದೊಡ್ಡ ಉಪಕಾರ ಮಾಡಿದವರ ಹಾಗೆ. ಅಂದರೆ ಕೆರೆಬಿಳಚಿಗೆ ಇದ್ದ ಮೂರು ಮೈಲಿ, ಹೆದ್ದಾರಿ ಆದ ಮೇಲೆ ಸುತ್ತಿ ಬಳಸಿ ಏಳು ಮೈಲಿ ಆಗುತ್ತಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಕೇಳಿದೆ: "ಸಾರ್, ನ್ಯಾಮತಿಯಿಂದ ಜಗಳೂರಿಗೆ ಹೋಗೋರು ಯಾರು? ಯಾಕೆ ಹೋಗ್ತಾರೆ?"

ಸಾಹೇಬರು ಸಭೆಯ ಕಡೆ ತಿರುಗಿದರು. "ಒಳ್ಳೆ ಪ್ರಶ್ನೆ. ಇಲ್ಲಿರೋರಲ್ಲಿ ಈ ಎರಡೂ ಊರಿನ ಮಧ್ಯೆ ಪ್ರಯಾಣ ಮಾಡಿದವರು ಕೈ ಎತ್ತಿ."

ಒಬ್ಬರೂ ಎತ್ತಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಅಷ್ಟರಲ್ಲಿ ನೆನಪಾಯಿತು: ನನ್ನನ್ನು ಜಗಳೂರು ತಾಲ್ಲೂಕಿನ ಸೊಕ್ಕೆಯ ಕಡೆಯಿಂದ ನ್ಯಾಮತಿಗೆ ವರ್ಗ ಮಾಡಿದಾಗ, ಟ್ರಂಕು ಹಾಸಿಗೆ ಹೊತ್ತುಕೊಂಡು ಜಗಳೂರು, ದಾವಣಗೆರೆ, ಹೊನ್ನಾಳಿ ಅಂತ ಬಸ್ಸು ಬದಲಿಸಿಕೊಂಡು ಒಂದು ದಿನ ಪೂರ್ತಿ ಅಲೆದವಳು ನಾನೇ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಕೈ ತಾನಾಗಿ ಮೇಲಕ್ಕೆ ಹೋಯಿತು.

"ನೋಡಿ!" ಎಂದರು ಸಾಹೇಬರು, ಗುಮಾಸ್ತನ ಕಡೆ ತಿರುಗಿ. "ಜನರಿಂದಲೇ ಬೇಡಿಕೆ ಇದೆ. ಬರಕೊಳ್ಳಿ."

ಅಂದಿನಿಂದ ಊರಿನಲ್ಲಿ ಅದಕ್ಕೆ ನರ್ಸಮ್ಮನ ರಸ್ತೆ ಅಂತಲೇ ಹೆಸರು ಬಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವವರೇ: "ನರ್ಸಮ್ಮ, ಅಷ್ಟು ದುಡ್ಡು ಸುರೀತಾರಂತೆ ನಿಮಗೋಸ್ಕರ. ಒಂದು ಸಲಾನಾದ್ರೂ ಜಗಳೂರಿಗೆ ವಾಪಸ್ ಹೋಗಿಬರ್ರಿ, ಹೋಗದಿದ್ರೆ ಮರ್ಯಾದೆ ಅಲ್ಲ."

ನಡೆಯುವವರಿಗೆ ಕಾಲಂ ಇಲ್ಲ

ಆಮೇಲೆ ಗಾಡಿ ಎಣಿಸುವವನು ಬಂದ. ನಮ್ಮೂರ ದಾರಿ ಕೆರೆಬಿಳಚಿಯ ಹತ್ತಿರ ದೊಡ್ಡ ರಸ್ತೆಗೆ ಕೂಡುವ ಕಡೆ, ಹುಣಸೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಮೂರು ದಿನ ಕೂತು, ಹೋಗಿಬರುವ ಗಾಡಿಗಳನ್ನೆಲ್ಲ ಪಟ್ಟಿಯಲ್ಲಿ ಗೀರು ಹಾಕುವುದು ಅವನ ಕೆಲಸ. ಪಟ್ಟಿಯಲ್ಲಿ ಕಾರು, ಬಸ್ಸು, ಲಾರಿ, ಎತ್ತಿನ ಗಾಡಿ, ಸೈಕಲ್ಲು ಅಂತ ಕಾಲಂಗಳು.

ನಮ್ಮೂರಿನಲ್ಲಿ ವೀಳ್ಯದೆಲೆ ಮಾರುವ ಒಬ್ಬ ಅಜ್ಜಿ ಇದ್ದಳು. ದಿನಾ ಎಲೆ ಬುಟ್ಟಿ ತಲೆಯ ಮೇಲೆ ಹೊತ್ತು ಕೆರೆಬಿಳಚಿಗೆ ನಡೆದು ಹೋಗಿ ಬರುವವಳು. ಬಾಯಿ ಬಲು ಜೋರು. ಅವನ ಮುಂದೆ ನಿಂತು ಕೇಳಿದಳು: "ಏನಪ್ಪಾ, ನನ್ನ ಬರಕಂಡ್ಯಾ?"

"ಇಲ್ಲ ಅಜ್ಜಿ. ನಡೆಯೋರಿಗೆ ಕಾಲಂ ಇಲ್ಲ."

"ನಲವತ್ತು ವರ್ಷದಿಂದ ಈ ದಾರಿ ಸವೆಸಿದೀನಿ. ನಂಗೆ ಕಾಲಂ ಇಲ್ವಾ?"

ಅವನು ಪಾಪ, ಪಟ್ಟಿಯನ್ನು ತಿರುಗಿಸಿ ತೋರಿಸಿದ. ಅಜ್ಜಿ ಸುಮ್ಮನಿರುವವಳಲ್ಲ. ಹಿಂದೆ ಬರುತ್ತಿದ್ದ ಎತ್ತಿನ ಗಾಡಿ ಹತ್ತಿ ಕೂತು, "ಈಗ ಬರಕೋ" ಅಂದಳು. ಅವನು ಒಂದು ಗೀರು ಹಾಕಿದ. ಅಜ್ಜಿ ಬಗ್ಗಿ ನೋಡಿದಳು.

"ಇದು ನಾನಾ?"

"ಅಲ್ಲ ಅಜ್ಜಿ, ಗಾಡಿ."

ಸಾಯಂಕಾಲ ಅಜ್ಜಿ ನನ್ನ ಆರೋಗ್ಯ ಉಪಕೇಂದ್ರದ ಮೆಟ್ಟಿಲ ಮೇಲೆ ಕೂತು ಬಾಯಿಗೆ ಬಂದಂತೆ ಬೈದಳು. ದಿನಕ್ಕೆ ನೂರಾರು ಜನ ನಡೆಯುವ ದಾರಿಯಲ್ಲಿ ನಡೆಯುವವರೇ ಇಲ್ಲ ಎಂದು ವರದಿ ಹೋದರೆ ನಮಗೆ ಬಸ್ಸು ಯಾಕೆ ಕೊಡುತ್ತಾರೆ? ಕೆರೆಬಿಳಚಿಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದವರೊಬ್ಬರು ಅಲ್ಲೇ ಇದ್ದರು. ನನ್ನ ಸೈಕಲ್ಲಿಗೆ ಪಂಕ್ಚರ್ ಹಾಕಲು ಬಂದಿದ್ದರು. ಅವರು ಹೇಳಿದರು: "ಅಕ್ಕಾವ್ರೇ, ನಡೆಯೋರಿಗೆ ಕಾಲಂ ಇಲ್ದಿದ್ರೆ ಹೋಗ್ಲಿ, ಸೈಕಲ್ಲಿಗೆ ಐತಲ್ಲ? ನಾಳೆ ನನ್ನ ಅಂಗಡೀ ಸೈಕಲ್ ಪೂರಾ ಬಿಡ್ತೀನಿ. ಬಾಡಿಗೆ ಬ್ಯಾಡ. ಊರೆಲ್ಲಾ ತುಳೀರಿ."

ನನಗೆ ಇದು ಬಹಳ ಜಾಣತನದ ಉಪಾಯ ಅನ್ನಿಸಿತು. ಈಗ ಹೇಳಿಕೊಳ್ಳಲು ನಾಚಿಕೆ, ಆದರೆ ಒಪ್ಪಿದವಳು ನಾನೇ.

ಮರುದಿನ ಹುಣಸೆ ಮರದ ಮುಂದೆ ಸೈಕಲ್ಲುಗಳ ಜಾತ್ರೆ. ಸೈಕಲ್ ಬರದವರನ್ನು ಹಿಂದೆ ಕೂರಿಸಿಕೊಂಡು, ಬರುವವರು ಊರಿಂದ ಮರಕ್ಕೆ, ಮರದಿಂದ ಊರಿಗೆ ತುಳಿದರು. ಧೋತರ ಎತ್ತಿ ಕಟ್ಟಿದ ಪೂಜಾರಪ್ಪನವರು ಏಳು ಸಲ ಹಾದರು. ಹೊಸದಾಗಿ ಕಲಿತ ಇಬ್ಬರು ಎಣಿಸುವವನ ಕುರ್ಚಿಗೇ ಗುದ್ದಿದರು. ಎಣಿಸುವವನ ಪೆನ್ನಿನ ಮಸಿ ಮುಗಿದು, ನಾನು ನನ್ನ ಪೆನ್ನು ಕೊಟ್ಟೆ. ಸೈಕಲ್ ಕಾಲಂ ತುಂಬಿ, ಪುಟ ತಿರುಗಿ, ಅದೂ ತುಂಬಿತು. ಇಷ್ಟು ಜನ ಸೈಕಲ್ ತುಳಿಯುವ ಕಡೆ ಒಂದು ಬಸ್ಸು ಕೊಡದೆ ಇರಲು ಯಾರಿಗೆ ಮನಸ್ಸು ಬಂದೀತು ಎಂದು ಆ ರಾತ್ರಿ ನೆಮ್ಮದಿಯಿಂದ ಮಲಗಿದೆವು.

ಎರಡು ತಿಂಗಳಿಗೆ ವರದಿ ಬಂತು. "ಸದರಿ ಮಾರ್ಗದಲ್ಲಿ ವಾಹನ ದಟ್ಟಣೆ ವಿಪರೀತವಾಗಿದ್ದು, ಈಗಿರುವ ರಸ್ತೆ ಏನೇನೂ ಸಾಲದು. ಪ್ರಸ್ತಾವಿತ ಹೆದ್ದಾರಿಯ ಅಗಲವನ್ನು ಇನ್ನಷ್ಟು ಹೆಚ್ಚಿಸುವುದು."

ಬರೇ ಹೊಲ

ಮುಂದಿನದನ್ನು ಹೇಳುವ ಮೊದಲು ಒಂದು ಮಾತು. ಅದು ತುರ್ತು ಪರಿಸ್ಥಿತಿಯ ಕಾಲ. ಕುಟುಂಬ ಯೋಜನೆಯ ಆಪರೇಷನ್ ಅಂದರೆ ಹಳ್ಳಿ ಗಂಡಸರು ನಡುಗುತ್ತಿದ್ದರು. ತಿಂಗಳಿಗೆ ಇಷ್ಟು ಕೇಸು ತರಬೇಕು ಎಂದು ನಮ್ಮಂಥ ನರ್ಸುಗಳ ಪ್ರಾಣ ಹಿಂಡುತ್ತಿದ್ದರು. ಸಂಜೆ ಹೊತ್ತು ಜೀಪು ಬಂದು ಸಿಕ್ಕಿದವರನ್ನು ಹತ್ತಿಸಿಕೊಂಡು ಹೋಗುತ್ತದೆ ಎಂಬ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ನಾನು ಯಾರನ್ನೂ ಬಲವಂತ ಮಾಡಿದವಳಲ್ಲ, ಅದಕ್ಕೇ ಮೇಲಿನವರಿಂದ ಬೈಸಿಕೊಂಡವಳು. ಆದರೂ ಜೀಪಿನ ಸದ್ದು ಕೇಳಿದರೆ ಸಾಕು, ನಮ್ಮೂರಿನಲ್ಲಿ ಗಂಡಸರ ಸುಳಿವು ಇರುತ್ತಿರಲಿಲ್ಲ.

ಒಂದು ದಿನ ಲಸಿಕೆ ಡಬ್ಬಿ ಹಿಡಿದು ಬಿಸಿಲಲ್ಲಿ ನಡೆದು ಬರುತ್ತಿದ್ದೆ. ಹಿಂದಿನಿಂದ ಒಂದು ಜೀಪು ಬಂದು ನಿಂತಿತು. ಹೆದ್ದಾರಿಯ ಓವರ್ಸಿಯರ್. ಮೊದಲ ಸಲ ಬಸ್ಸಿಲ್ಲ ಎಂದು ಬಾರದೇ ಹೋದವರು ಇವರೇ. ಹೆದ್ದಾರಿಯ ಕೆಲಸಕ್ಕೆ ಮಾತ್ರ ಜೀಪು ಸಿಕ್ಕಿತ್ತು. "ಬನ್ನಿ ಸಿಸ್ಟರ್, ನಿಮ್ಮೂರಿಗೇ ಹೋಗ್ತಿರೋದು" ಅಂದರು. ಬಿಸಿಲಿಗೆ ಸೋತಿದ್ದೆ, ಹತ್ತಿ ಮುಂದಿನ ಸೀಟಿನಲ್ಲಿ ಕೂತೆ. ಅಲ್ಲೇ ನನ್ನ ಬುದ್ಧಿ ಕೆಟ್ಟಿದ್ದು.

ಜೀಪಿನಲ್ಲಿ ನರ್ಸಮ್ಮ! ಊರ ಬಾಗಿಲಿಗೆ ಬರುವಷ್ಟರಲ್ಲಿ ಗಂಡಸರೆಲ್ಲ ಆಳೆತ್ತರದ ಜೋಳದ ಹೊಲಕ್ಕೆ ನುಗ್ಗಿ ಮಾಯವಾಗಿದ್ದರು. ಬಾವಿಕಟ್ಟೆಯ ಹತ್ತಿರ ಅರ್ಧ ಕ್ಷೌರ ಮಾಡಿಸಿಕೊಂಡಿದ್ದವನೊಬ್ಬ ಹಾಗೆಯೇ ಓಡಿದ, ಅವನ ಹಿಂದೆ ಕತ್ತಿ ಹಿಡಿದುಕೊಂಡೇ ಕ್ಷೌರದವನೂ ಓಡಿದ. ಉಳಿದವರು ಮಂಡಿನೋವಿನ ಗೌಡರು ಒಬ್ಬರೇ. ಕಟ್ಟೆಯ ಮೇಲೆ ಕೈ ಮುಗಿದು ಕೂತಿದ್ದರು.

"ಸ್ವಾಮಿ, ನನಗೆ ಅರವತ್ತೈದು ದಾಟೈತೆ. ಬೇಕಾದ್ರೆ ಹಲ್ಲು ನೋಡ್ರಿ."

"ವಯಸ್ಸು ಎಷ್ಟಾದರೂ ನಡೆಯುತ್ತೆ ಗೌಡರೇ" ಎಂದರು ಓವರ್ಸಿಯರ್, ಚೀಲದಿಂದ ಕಾಗದ ತೆಗೆಯುತ್ತಾ. "ಒಂದು ಸಹಿ ಹಾಕಿದರೆ ಐದು ನಿಮಿಷದ ಕೆಲಸ. ಎಲ್ಲಿ, ಮಿಕ್ಕಿದ ಗಂಡಸರು?"

ಗೌಡರ ಮುಖ ಬಿಳಿಚಿಕೊಂಡಿತು. ನನಗೆ ವಿಷಯ ಹೊಳೆದು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು: "ಯಾತಕ್ಕೆ ಸ್ವಾಮಿ ಸಹಿ?"

"ಹೆದ್ದಾರಿಗೆ ಜಮೀನು ಬಿಟ್ಟುಕೊಡೋಕೆ ಒಪ್ಪಿಗೆ."

"ಜಮೀನಾ?"

"ಹ್ಞೂಂ. ಜಮೀನು."

ಗೌಡರು ಎದ್ದು ನಿಂತರು. ಮಂಡಿನೋವು ಎಲ್ಲಿ ಹೋಯಿತೋ. ಜೋಳದ ಹೊಲದ ಕಡೆ ತಿರುಗಿ, ಊರಿಗೇ ಕೇಳುವ ಹಾಗೆ ಕೂಗಿದರು: "ಬರ್ರೋ ಎಲ್ರೂ! ಏನೂ ಹೆದರಬ್ಯಾಡ್ರಿ! ಬರೇ ಹೊಲ ಕೇಳ್ತಾರಂತೆ!"

ಹೊಲದಿಂದ ಒಬ್ಬೊಬ್ಬರಾಗಿ ಬಂದರು. ಬೇಡ ಕಣ್ರೋ, ಸಹಿ ಹಾಕಬೇಡಿ ಎಂದು ನಾನು ಬಡಕೊಂಡರೂ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೋಗಿದ್ದ ಜೀವ ಬಂದ ಖುಷಿಯಲ್ಲಿ ಬರೆಯಲು ಬರುವವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಆ ಅರ್ಧ ಕ್ಷೌರದವನಂತೂ ಓವರ್ಸಿಯರ್ ಕೈ ಹಿಡಿದುಕೊಂಡು, "ಸಾರ್, ಹಳ್ಳದ ದಂಡೇಲಿ ಇನ್ನೊಂದು ತುಂಡು ಐತೆ, ಅದನ್ನೂ ಬರಕಳ್ರಿ, ನನ್ನ ಬಿಟ್ಟುಬಿಡ್ರಿ" ಅಂದ!

ಮೆಮೊ

ಹೆದರಿಸಿ ಸಹಿ ತೆಗೆದುಕೊಂಡಿದ್ದಾರೆ, ಒಪ್ಪಿಗೆ ವಾಪಸ್ ತೆಗೆದುಕೊಂಡಿದ್ದೇವೆ ಎಂದು ಮರುದಿನವೇ ಎಲ್ಲರ ಪರವಾಗಿ ನಾನು ಅರ್ಜಿ ಬರೆದೆ. ನನ್ನ ಕೈಬರಹ ಎಲ್ಲರಿಗೂ ಗೊತ್ತು. ಸರ್ಕಾರಿ ನೌಕರಳಾಗಿ ಸರ್ಕಾರದ ಯೋಜನೆಯನ್ನು ವಿರೋಧಿಸಿದ್ದೇಕೆ ಎಂದು ನನ್ನ ಆರೋಗ್ಯ ಇಲಾಖೆಯಿಂದ ಮೆಮೊ ಬಂತು.

ನಾನು ಉತ್ತರ ಬರೆದೆ: "ನಾನು ಯಾವ ಯೋಜನೆಯನ್ನೂ ವಿರೋಧಿಸಿಲ್ಲ. ಹೆದ್ದಾರಿ ಆದರೆ ಊರಿನ ಗರ್ಭಿಣಿಯರು ಆಳೆತ್ತರದ ಏರಿ ಹತ್ತಿ, ವೇಗವಾಗಿ ಬರುವ ಲಾರಿಗಳ ನಡುವೆ ಓಡಿ ದಾಟಬೇಕಾಗುತ್ತದೆ. ಗರ್ಭಿಣಿಯರು ಓಡಬಾರದು ಎಂದು ತಮ್ಮದೇ ಸುತ್ತೋಲೆ ನನ್ನ ಗೋಡೆಯ ಮೇಲೆ ಇದೆ. ಯಾವುದನ್ನು ಪಾಲಿಸಲಿ?"

ಇದಕ್ಕೆ ಏನೂ ಹೇಳಲು ಸಾಧ್ಯವಿಲ್ಲ ಎಂದುಕೊಂಡಿದ್ದೆ. ವಾರದಲ್ಲಿ ಉತ್ತರ ಬಂತು. "ಹೆದ್ದಾರಿಯನ್ನು ನಿಧಾನವಾಗಿ ದಾಟುವಂತೆ ಗರ್ಭಿಣಿಯರಿಗೆ ತಿಳಿವಳಿಕೆ ನೀಡತಕ್ಕದ್ದು."

ಸಭೆಗೆ ಬಂದ ಬಸ್ಸು

ಅಷ್ಟು ಹೊತ್ತಿಗೆ ಬೇರೆ ಊರುಗಳಿಂದಲೂ ತಕರಾರು ಅರ್ಜಿ ಹೋಗಿ, ಆಕ್ಷೇಪಣೆ ಕೇಳಲು ಚನ್ನಗಿರಿಯಲ್ಲಿ ದೊಡ್ಡ ಸಭೆ ನಿಗದಿಯಾಯಿತು. ಜನ ತುಂಬಿ ಕಾಣಬೇಕು, ಫೋಟೋ ಬರಬೇಕು ಎಂದು ಸಾಹೇಬರಿಗೆ ಆಸೆ. ಹಳ್ಳಿಯವರನ್ನು ಕರೆತರಲು ಅವರೇ ವಾಹನದ ವ್ಯವಸ್ಥೆ ಮಾಡಿದರು.

ಆ ಬೆಳಿಗ್ಗೆ ನಮ್ಮೂರಿಗೆ ಏನು ಬಂತು ಹೇಳಿ? ಬಸ್ಸು! ಖಾಸಗಿ ಬಸ್ಸು, ಒಂದು ದಿನಕ್ಕೆ ಬಾಡಿಗೆಗೆ ಹಿಡಿದದ್ದು. ಊರಿನವರು ಸುರಿದ ಗರಸಿನ ಮೇಲೆ, ಊರಿನವರು ಹಾಸಿದ ಚಪ್ಪಡಿಯ ಮೇಲೆ ಹಳ್ಳ ದಾಟಿ, ಹಾರನ್ ಹೊಡೆಯುತ್ತಾ ಬಂದು ಊರ ಬಾಗಿಲಲ್ಲಿ ನಿಂತಿತು. ನನಗೆ ಅಳು ಬಂತು. ಖುಷಿಗಲ್ಲ, ಹೊಟ್ಟೆ ಉರಿದು. ಇಷ್ಟು ವರ್ಷ ಬರಲಾಗದ ಬಸ್ಸು ಇವರ ಸಭೆಗೆ ಜನ ಬೇಕು ಅಂದಾಗ ಒಂದೇ ಮಾತಿಗೆ ಬಂತಲ್ಲ! ಎರಡು ಗಂಟೆ ಕಾದ ಆ ದಿನ ಇದೇ ಬಸ್ಸು ಬಂದಿದ್ದರೆ ಏನಾಗುತ್ತಿತ್ತು ಎಂದು ನೆನೆದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ನಮ್ಮ ಕಡೆ ಬಸ್ಸು ಹತ್ತುವ ರೀತಿ ಎಲ್ಲರಿಗೂ ಗೊತ್ತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಒಳಗೆ ಎಸೆಯಬೇಕು. ಟವೆಲ್ ಬಿದ್ದ ಸೀಟು ಅವರದು. ಅದರ ಮೇಲೆ ಮಂತ್ರಿ ಬಂದರೂ ಕೂರುವಂತಿಲ್ಲ, ಕೂತರೆ ಮಾರಾಮಾರಿ. ಇಡೀ ಬಸ್ಸು ನಮಗೇ ಬಂದಿದೆ, ಒಳಗೆ ಒಬ್ಬನೂ ಇಲ್ಲ. ಆದರೂ ಅಭ್ಯಾಸ ಬಿಡುತ್ತದೆಯೇ? ಎಲ್ಲ ಕಿಟಕಿಯಿಂದಲೂ ಟವೆಲ್ಲು, ರುಮಾಲು, ಚೀಲ ಹಾರಿದವು. ಎಲೆ ಮಾರುವ ಅಜ್ಜಿ ಬುಟ್ಟಿಯ ಕೆಳಗೆ ತಲೆಯ ಮೇಲಿಡುವ ಬಟ್ಟೆಯ ಸಿಂಬಿಯನ್ನೇ ಎಸೆದು ಡ್ರೈವರ್ ಹಿಂದಿನ ಸೀಟು ಹಿಡಿದಳು.

ಸಭೆಯಲ್ಲಿ ಇಂಜಿನಿಯರ್ ಸಾಹೇಬರು ಒಂದು ಗಂಟೆ ಮಾತಾಡಿ ಕೊನೆಗೆ ಹೇಳಿದರು: "ಕೆಲವರು ಹೆದ್ದಾರಿ ಬೇಡ, ಬಸ್ಸು ಕೊಡಿ ಅಂತಾರೆ. ಅವರಿಗೆ ತಿಳಿವಳಿಕೆ ಸಾಲದು. ಈಗಿರುವ ಹಳ್ಳಿ ದಾರಿಗಳಲ್ಲಿ ಬಸ್ ಓಡಿಸುವುದು ತಾಂತ್ರಿಕವಾಗಿ ಅಸಾಧ್ಯ."

ಅಜ್ಜಿ ಎದ್ದಳು. "ಸ್ವಾಮಿ, ನಾವು ಬೆಳಿಗ್ಗೆ ಯಾತರಾಗೆ ಬಂದ್ವಿ?"

"ಬಸ್ಸಲ್ಲಿ. ನಾವೇ ಕಳಿಸಿದ್ವಲ್ಲ ಅಜ್ಜಿ."

"ಯಾವ ದಾರೀಲಿ ಬಂದ್ವಿ?"

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಸಾಹೇಬರ ಮುಖ ಕೆಂಪಾಯಿತು. ಡ್ರೈವರನ್ನು ಕರೆಸಿ ಗದರಿಸಿದರು: "ಏನಯ್ಯಾ, ಆ ದಾರೀಲಿ ಬಸ್ಸು ಹೋಗುತ್ತೇನಯ್ಯಾ?"

ಡ್ರೈವರ್ ಕೈ ಕಟ್ಟಿಕೊಂಡು ಹೇಳಿದ: "ಹೋಗಲ್ಲ ಅಂತ ನಂಗೆ ಯಾರೂ ಹೇಳಿರ್ಲಿಲ್ಲ ಸಾರ್. ಗೊತ್ತಿಲ್ದೇ ಹೋಗ್ಬಿಟ್ಟೆ."

ಇಷ್ಟಾದರೂ ಸಾಹೇಬರು ಬಗ್ಗಲಿಲ್ಲ. ಎಲ್ಲರ ಅಹವಾಲನ್ನೂ ಪರಿಶೀಲಿಸಲಾಗುವುದು ಎಂದು ಹೇಳಿ ಎದ್ದುಹೋದರು. ಅದೇ ಬಸ್ಸಿನಲ್ಲಿ ವಾಪಸ್ ಬಂದೆವು. ಊರ ಬಾಗಿಲಲ್ಲಿ ಇಳಿಯುವಾಗ ಕಂಡಕ್ಟರ್ ಕೂಗಿದ: "ಅಜ್ಜಿ, ನಿನ್ನ ಸಿಂಬಿ ಸೀಟಿನ ಮ್ಯಾಲೆ ಮರೆತೆ ನೋಡು."

"ಮರೆತಿಲ್ಲ ಕಣಪ್ಪ. ಸೀಟು ಹಿಡಿದೀನಿ."

"ಯಾವಾಗಿಗೆ?"

"ನಾಳೆಗೆ."

ಅಜ್ಜಿಯ ಹಿಂದೆ ಇಳಿಯುತ್ತಿದ್ದ ಗೌಡರು ನಿಂತರು. ಏನೋ ಯೋಚಿಸಿ ಹಿಂದಕ್ಕೆ ಹೋಗಿ, ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಸೀಟಿನ ಮೇಲೆ ಹಾಸಿ ಬಂದರು. ಆಮೇಲೆ ಕೇಳಬೇಕೆ? ಒಂದೇ ಒಂದು ಸೀಟು ಖಾಲಿ ಉಳಿಯಲಿಲ್ಲ. ನಾನೂ ಕರವಸ್ತ್ರ ಹಾಕಿದೆ, ಸರ್ಕಾರಿ ನೌಕರಳು ಅನ್ನುವುದನ್ನು ಆ ಹೊತ್ತಿಗೆ ಮರೆತು. ಕಂಡಕ್ಟರ್ ಇದೇನೋ ಹಳ್ಳಿ ಜನರ ತಮಾಷೆ ಎಂದು ನಕ್ಕುಕೊಂಡು ಹೋದ.

ಅವನಿಗೆ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ. ಬಸ್ಸು ತನ್ನ ಮಾಮೂಲು ಕೆಲಸಕ್ಕೆ ಚನ್ನಗಿರಿಯಿಂದ ದಾವಣಗೆರೆಗೆ ಹೊರಟಿತು. ಹತ್ತಿದ ಜನ ಸೀಟಿನ ಮೇಲೆಲ್ಲ ಟವೆಲ್ ನೋಡಿ ನಿಂತುಕೊಂಡರು. ಇನ್ನಷ್ಟು ಜನ ಹತ್ತಿದರು, ಅವರೂ ನಿಂತರು. "ಕೂತ್ಕಳ್ರಿ, ಯಾರೂ ಇಲ್ಲ" ಎಂದು ಕಂಡಕ್ಟರ್ ಎಷ್ಟು ಹೇಳಿದರೂ, "ಬ್ಯಾಡಪ್ಪ, ಆಮ್ಯಾಕೆ ಅವರು ಬಂದು ಜಗಳ ತೆಗೀತಾರೆ" ಎಂಬ ಒಂದೇ ಉತ್ತರ. ಟವೆಲ್ಲುಗಳನ್ನು ತೆಗೆದು ಒಟ್ಟು ಮಾಡಲು ಹೋದರೆ, ನಿಂತವರೇ ಅವನ ಮೇಲೆ ಎಗರಿದರು: "ಯಾರದೋ ಸೀಟು ತೆಗೆಯಾಕೆ ನೀನ್ಯಾರು?" ಸೀಟೆಲ್ಲ ಖಾಲಿ, ಜನ ಫುಟ್‌ಬೋರ್ಡಿನ ತನಕ ಜೋತುಬಿದ್ದಿದ್ದಾರೆ! ಕೆರೆಬಿಳಚಿಗೆ ಬರುವಷ್ಟರಲ್ಲಿ ತಲೆಕೆಟ್ಟ ಡ್ರೈವರ್, ಇವರ ಬಟ್ಟೆ ಇವರಿಗೆ ಬಿಸಾಕಿ ಹೋಗೋಣ ಎಂದು ಬಸ್ಸನ್ನು ನಮ್ಮೂರ ಕಡೆ ತಿರುಗಿಸಿದ.

ಊರ ಬಾಗಿಲಲ್ಲಿ ನಾವೆಲ್ಲ ಕಾಯುತ್ತಿದ್ದೆವು. ಪುಸ್ತಕ ಎದೆಗವಚಿಕೊಂಡ ಐದು ಜನ ಹೆಣ್ಣುಮಕ್ಕಳು, ಹಾಲಿನ ಕ್ಯಾನು ಹಿಡಿದವರು, ತುಂಬಿದ ಬಸುರಿ ಒಬ್ಬಳು, ಲಸಿಕೆ ಡಬ್ಬಿಯೊಂದಿಗೆ ನಾನು.

"ಯಾರದ್ರೀ ಈ ಟವೆಲ್ಲೆಲ್ಲಾ? ತಗಳ್ರಿ!" ಎಂದು ಕಂಡಕ್ಟರ್ ಬಾಗಿಲು ತೆರೆದ.

ತೆಗೆದುಕೊಂಡೆವು. ತೆಗೆದುಕೊಂಡು, ಆ ಸೀಟಿನಲ್ಲೇ ಕೂತೆವು. ಟಿಕೆಟ್ ಕೊಡಪ್ಪ ಎಂದು ಕೈ ಚಾಚಿದೆವು. ಸಂಜೆ ನಮ್ಮನ್ನು ಊರಿಗೆ ತಂದು ಇಳಿಸಿದ, ಮತ್ತೆ ಟವೆಲ್ ಬಿಟ್ಟು ಇಳಿದೆವು. ಮರ್ಯಾದಸ್ಥರ ಬಟ್ಟೆ ರಸ್ತೆಗೆ ಎಸೆಯುವ ಧೈರ್ಯ ನಮ್ಮ ಕಡೆ ಯಾವ ಕಂಡಕ್ಟರಿಗೂ ಇಲ್ಲ. ಹೀಗೆ ಒಂದು ವಾರ ನಡೆಯಿತು. ಬಸ್ಸಿನ ಮಾಲೀಕ ಕೂಗಾಡಿಕೊಂಡೇ ಒಂದು ದಿನ ತಾನೇ ನೋಡಲು ಬಂದ. ನಮ್ಮೂರಿನಿಂದ ಹೊರಡುವಾಗಲೇ ಬಸ್ಸು ತುಂಬಿದ್ದನ್ನು ನೋಡಿ ಕೂಗಾಟ ನಿಲ್ಲಿಸಿದ. ಆ ಬಸುರಿ ಹೆಣ್ಣುಮಗಳು ಅದೇ ವಾರ, ಸಂಜೆ ಚನ್ನಗಿರಿಗೆ ಮರಳುವ ಅದೇ ಬಸ್ಸಿನಲ್ಲಿ ಅಲ್ಲಿನ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಹೋಗಿ, ಗಂಡುಮಗು ಎತ್ತಿಕೊಂಡು ಅದರಲ್ಲೇ ವಾಪಸ್ ಬಂದಳು. ಹೆದ್ದಾರಿಯ ನಕ್ಷೆಯನ್ನು ಆಮೇಲೆ ಸುರುಳಿ ಸುತ್ತಿ ಯಾವ ಬೀರುವಿಗೆ ಹಾಕಿದರೋ, ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೊನೆಗೊಂದು ಸಂಜೆ ಕಂಡಕ್ಟರ್ ಹಲ್ಲು ಕಿರಿದುಕೊಂಡು ಹೇಳಿದ: "ಅಜ್ಜಿ, ಇನ್ಮ್ಯಾಲೆ ಸಿಂಬಿ ತಗಂಡು ಹೋಗು. ನಮ್ಮ ಮಾಲೀಕ್ರು ಓಡಾಡಿದ್ದಕ್ಕೆ ನಿಮ್ಮೂರಿಗೆ ಪರ್ಮಿಟ್ ಸಿಕ್ಕೈತೆ, ಸರ್ಕಾರದ ಸೀಲು ಬಿದ್ದೈತೆ. ನಾಳೆಯಿಂದ ನಾವಾಗೇ ಬರ್ತೀವಿ."

ಅಜ್ಜಿ ಸಿಂಬಿಯನ್ನು ಸೀಟಿನ ಮೇಲೆ ಇನ್ನೊಂದು ಸಲ ಗಟ್ಟಿಯಾಗಿ ಒತ್ತಿಟ್ಟು, ಬುಟ್ಟಿಯನ್ನು ಬರಿ ತಲೆಯ ಮೇಲೆ ಹೊತ್ತುಕೊಂಡು ಇಳಿದಳು.

"ಪರ್ಮಿಟ್ಟು ಸರ್ಕಾರದ್ದು ಕಣಪ್ಪ" ಅಂದಳು. "ಸಿಂಬಿ ನಂದು."